ಯೋಧನ ಕಿವಿ ಪಕ್ಕದ ಕೂದಲು: ಒಂದು ಮುಷಾ-ಎ ಹಲಗೆ ಕೆತ್ತಿ, ಮುರಿದು, ರಿಪೇರಿ ಮಾಡಿದ ಲಾಗ್

ಮೊದ್ಲೇ ಹೇಳ್ಬಿಡ್ತೀನಿ, ಇದು ಪೂರ್ತಿ ಪ್ರಿಂಟ್ ಅಲ್ಲ. ಮುಷಾ-ಎ ಅಂದ್ರೆ ಜಪಾನಿನ ಮರದಚ್ಚಿನ ಯೋಧರ ಚಿತ್ರ. 19ನೇ ಶತಮಾನದ ಕಲಾವಿದ ಉತಾಗಾವಾ ಕುನಿಯೋಶಿ ಬರೆದ ಒಬ್ಬ ಯೋಧನ ಚಿತ್ರದಿಂದ ತಲೆ ಮತ್ತೆ ಒಂದು ಭುಜ, ಅಷ್ಟನ್ನೇ ತಗೊಂಡು 15 ಸೆಂಮೀ ಅಗಲ 20 ಸೆಂಮೀ ಎತ್ತರದ ಹಲಗೆಗೆ ಇಳಿಸಿದ್ದೀನಿ. ಮೂಲ ಪ್ರಿಂಟು ಓಬಾನ್ ಸೈಜು, ಅಂದ್ರೆ ಹತ್ತತ್ರ 39 ಸೆಂಮೀ ಎತ್ತರ 26 ಅಗಲ, ಅದನ್ನ ಪೂರ್ತಿ ಕೆತ್ತೋ ಕೈ ನನಗಿನ್ನೂ ಬಂದಿಲ್ಲ. ಟೋಕಿಯೋ ಪಕ್ಕದ ಸೈತಾಮಾದಲ್ಲಿ ನಮ್ಮ ಮನೆ ಹತ್ರ ಒಂದು ಕೋಮಿಂಕಾನ್ ಇದೆ, ನಮ್ಮೂರಿನ ಸಮುದಾಯ ಭವನದ ಥರ, ಅಲ್ಲಿ ಶನಿವಾರ ಶನಿವಾರ ಒಬ್ಬ ರಿಟೈರ್ಡ್ ಪ್ರಿಂಟರ್ ಮರದ ಅಚ್ಚಿನ ಕ್ಲಾಸ್ ತಗೋತಾರೆ, ಎರಡು ವರ್ಷದಿಂದ ಹೋಗ್ತಿದ್ದೀನಿ. ಇಷ್ಟು ದಿನ ಎಲೆ, ಹಕ್ಕಿ, ಸೇತುವೆ ಅಂತ ಮಾಡ್ಕೊಂಡಿದ್ದೆ. ಯೋಧ ಇದೇ ಮೊದಲು.

ಯಾಕೆ ಯೋಧ ಅಂದ್ರೆ, ಟೋಕಿಯೋದ ಜಿಂಬೋಚೋದ ಹಳೇ ಪುಸ್ತಕದ ಅಂಗಡಿ ಬೀದಿಲಿ ಒಂದು ಹರಕಲು ಹಾಳೆ ಕೈಗೆ ಸಿಕ್ತು, ಹುಳ ತಿಂದು ತೂತು ಬಿದ್ದಿರೋದು, ಅಂಚು ಕತ್ತರಿಸಿ ಹೋಗಿರೋದು, ಆದ್ರೆ ಯೋಧನ ಮುಖ ಮಾತ್ರ ಹಾಗೇ ಇತ್ತು. ಮನೆಗೆ ತಂದು ಬೆಳಕಿಗೆ ಹಿಡಿದು ಹಿಂದೆ ತಿರುಗಿಸಿ ನೋಡ್ದೆ. ಹಾಳೆ ಬೆನ್ನ ಮೇಲೆ ಬಾರೆನ್, ಅಂದ್ರೆ ಕಾಗದನ ಹಲಗೆಗೆ ಒತ್ತೋ ಕೈ ತಟ್ಟೆ, ಉಜ್ಜಿದ ಸುತ್ತು ಸುತ್ತು ಗುರುತು ಎದ್ದು ಕಾಣ್ತಿತ್ತು. ಯಾರೋ ಒಬ್ಬ ಮನುಷ್ಯ ನೆಲದ ಮೇಲೆ ಕೂತು ಈ ಹಾಳೆನ ಅಂಗೈಯಿಂದ ಒತ್ತಿ ಒತ್ತಿ ಉಜ್ಜಿದಾನೆ, ಅವನ ಕೈ ಹೋದ ದಾರಿ ಇನ್ನೂ ಅಲ್ಲೇ ಇದೆ. ಆವತ್ತಿಂದ ನನಗೆ ಚಿತ್ರದ ಮುಂಭಾಗಕ್ಕಿಂತ ಹಿಂಭಾಗದ ಮೇಲೇ ಮನಸ್ಸು.

ಸಹಿ ಇರೋದು ಚಿತ್ರ ಬರೆದವನದ್ದು. ಆದ್ರೆ ಅವನು ಮರ ಮುಟ್ಟೋದೇ ಇಲ್ಲ. ಹನ್‌ಮೊತೊ ಅಂದ್ರೆ ಪಬ್ಲಿಷರ್ರು, ದುಡ್ಡು ಹಾಕೋನು, ಯಾವ ಚಿತ್ರ ಓಡುತ್ತೆ ಅಂತ ತೀರ್ಮಾನ ಮಾಡೋನು. ಎಶಿ ಚಿತ್ರ ಬರೀತಾನೆ. ಹೊರಿಶಿ ಕೆತ್ತುತ್ತಾನೆ. ಸುರಿಶಿ ಅಚ್ಚೊತ್ತುತ್ತಾನೆ. ನಾವು ಮ್ಯೂಸಿಯಂನಲ್ಲಿ ನಿಂತು ಆಹಾ ಎಂಥಾ ಗೆರೆ ಅಂತೀವಲ್ಲ, ಆ ಗೆರೆ ಕಾಗದದ ಮೇಲೆ ಬಿದ್ದಿರೋದು ಹೊರಿಶಿಯ ಚಾಕುವಿಂದ. ಅವರಲ್ಲಿ ಹೆಚ್ಚಿನವರ ಹೆಸರು ಪ್ರಿಂಟ್ ಮೇಲೆ ಇಲ್ಲವೇ ಇಲ್ಲ, 1850ರ ದಶಕದ ಹೊತ್ತಿಗೆ ಕೆಲವು ಹಾಳೆಗಳಲ್ಲಿ ‘ಹೊರಿ ತಾಕೆ’ ಅನ್ನೋ ಥರ ಪುಟ್ಟ ಮುದ್ರೆ ಕಾಣೋಕೆ ಶುರುವಾಗುತ್ತೆ, ಅದು ಯೋಕೋಗಾವಾ ತಾಕೆಜಿರೋ ಅನ್ನೋ ಕೆತ್ತನೆಗಾರ. ಅದನ್ನ ನೋಡಿದಾಗೆಲ್ಲ ನನಗೆ ಖುಷಿ ಆಗುತ್ತೆ.

ನಾನು ಆರಿಸ್ಕೊಂಡಿದ್ದು ಕ್ಯೂಮೋನ್‌ರ್ಯೂ ಶಿಶಿನ್, ಒಂಬತ್ತು ಡ್ರ್ಯಾಗನ್ ಹಚ್ಚೆಯ ವೀರ. ಚೀನಾದ ಕಾದಂಬರಿ ಸುಯಿಕೋದೆನ್‌ನ 108 ಬಂಡಾಯಗಾರರಲ್ಲಿ ಒಬ್ಬ. 1827ರ ಸುಮಾರಿಗೆ ಕಾಗಾಯಾ ಕಿಚಿಯೆಮೋನ್ ಅನ್ನೋ ಪಬ್ಲಿಷರ್ ಈ ವೀರರನ್ನ ಒಬ್ಬೊಬ್ಬರಿಗೆ ಒಂದೊಂದು ಹಾಳೆ ಅಂತ ಕುನಿಯೋಶಿ ಕೈಲಿ ಬರೆಸೋಕೆ ಶುರು ಮಾಡ್ದ. ಕುನಿಯೋಶಿ ರೇಷ್ಮೆಗೆ ಬಣ್ಣ ಹಾಕೋರ ಮನೆ ಹುಡುಗ, ಅಲ್ಲಿವರೆಗೂ ಹೇಳಿಕೊಳ್ಳೋ ಅಂಥ ಹೆಸರಿರಲಿಲ್ಲ, ಈ ಸರಣಿ ಬಂದಮೇಲೆ ಜನ ‘ಮುಷಾ-ಎ ಕುನಿಯೋಶಿ’ ಅಂತಲೇ ಕರೆದ್ರು. ಕಾದಂಬರಿಲಿ ಕೆಲವರಿಗೆ ಮಾತ್ರ ಹಚ್ಚೆ ಇರೋದು, ಇವನು ಇನ್ನೂ ಹಲವರ ಮೈಗೆ ಹಾಕಿದ, ಅದನ್ನ ನೋಡಿ ಎದೋ (ಈಗಿನ ಟೋಕಿಯೋ) ಊರಿನ ಬೆಂಕಿ ಆರಿಸೋ ಪಡೆಯವರು, ಕೂಲಿ ಕೆಲಸದವರು ತಮ್ಮ ಬೆನ್ನಿಗೂ ಅಂಥದ್ದೇ ಹಾಕಿಸ್ಕೊಂಡ್ರು.

ಚೀನಾದ ವೀರರು ಯಾಕೆ, ಜಪಾನಿನವರೇ ಇರ್ಲಿಲ್ವಾ ಅಂತ ನನಗೂ ಮೊದಲು ಅನ್ಸಿತ್ತು. ಇದ್ರು, ಆದ್ರೆ ಹತ್ತಿರದ ಕಾಲದವರನ್ನ ಮುಟ್ಟಂಗಿರಲಿಲ್ಲ. ತೆನ್‌ಶೋ ಕಾಲ, ಅಂದ್ರೆ 1573ರಿಂದ ಈಚಿನ ಯೋಧರನ್ನ ಹೆಸರು, ಮನೆತನದ ಲಾಂಛನ ಹಾಕಿ ತೋರಿಸೋದಕ್ಕೆ ಆಗ ದೇಶ ಆಳ್ತಿದ್ದ ತೊಕುಗಾವಾ ಸರ್ಕಾರ ಬಿಡ್ತಿರಲಿಲ್ಲ. 1804ರಲ್ಲಿ ಉತಾಮಾರೋ ಅಂಥ ದೊಡ್ಡ ಕಲಾವಿದನನ್ನೇ 16ನೇ ಶತಮಾನದ ಸೇನಾನಾಯಕ ತೊಯೊತೊಮಿ ಹಿದೆಯೋಶಿ ಚಿತ್ರ ಬರೆದಿದ್ದಕ್ಕೆ 50 ದಿನ ಕೈಗೆ ಕೋಳ ಹಾಕಿ ಇಟ್ಟಿದ್ರು. ಹಾಗಾಗಿ 12ನೇ ಶತಮಾನದ ಹೆಯ್ಕೆ-ಗೆಂಜಿ ಮನೆತನಗಳ ಯುದ್ಧದವರು, ಇಲ್ಲಾ ಚೀನಾದವರು. ಭ್ರಷ್ಟ ಅಧಿಕಾರಿಗಳ ಮೇಲೆ ತಿರುಗಿ ಬಿದ್ದ 108 ಜನ ಅಂದ್ರೆ ಎದೋದ ಸಾಮಾನ್ಯ ಜನಕ್ಕೆ ಯಾಕೆ ಅಷ್ಟು ಹಿಡಿಸ್ತು ಅನ್ನೋದನ್ನ ಬೇರೆ ಬಿಡಿಸಿ ಹೇಳ್ಬೇಕಾಗಿಲ್ಲ. ಆಮೇಲೆ 1842ರಲ್ಲಿ ತೆನ್ಪೋ ಸುಧಾರಣೆ ಅಂತ ಬಂದು ನಟರ ಚಿತ್ರ, ವೇಶ್ಯೆಯರ ಚಿತ್ರ ಎಲ್ಲ ನಿಷೇಧ ಆಯ್ತು, ಬಣ್ಣದ ಹಲಗೆ ಏಳೆಂಟಕ್ಕಿಂತ ಜಾಸ್ತಿ ಬೇಡ, ಹಾಳೆಗೆ 16 ಮೋನ್‌ಗಿಂತ (ಆಗಿನ ಚಿಲ್ಲರೆ ನಾಣ್ಯ) ಜಾಸ್ತಿ ತಗೋಬೇಡಿ ಅಂತ ಕಟ್ಟಳೆ. 16 ಮೋನ್ ಅಂದ್ರೆ ಆಗ ಒಂದು ಬಟ್ಟಲು ಸೋಬಾ ನೂಡಲ್ಸ್ ಬೆಲೆ. ಒಂದು ಊಟದ ದುಡ್ಡಿಗೆ ಈ ಕೆಲಸ!

ಸರಿ, ಹಲಗೆಗೆ ಬರೋಣ.

ಕೀ ಬ್ಲಾಕ್, ಅಂದ್ರೆ ಕಪ್ಪು ಗೆರೆಗಳ ಹಲಗೆಗೆ ಯಾಮಾಝಾಕುರಾನೇ ಬೇಕು, ಕಾಡು ಚೆರಿ ಮರ. ಗಟ್ಟಿ, ಎಳೆ ಒತ್ತೊತ್ತಾಗಿರುತ್ತೆ, ಸಣ್ಣ ಗೆರೆ ನಿಲ್ಲುತ್ತೆ. ಮರವನ್ನ ಉದ್ದಕ್ಕೆ ಸೀಳಿದ ಹಲಗೆ ಇದು, ಅಡ್ಡಕ್ಕೆ ಕೊಯ್ದಿದ್ದಲ್ಲ, ಹಾಗಾಗಿ ಎಳೆ ಯಾವ ಕಡೆ ಓಡ್ತಿದೆ ಅಂತ ಪ್ರತಿ ಗೆರೆಗೂ ಯೋಚ್ನೆ ಮಾಡ್ಬೇಕು. ಚೆರಿ ದುಬಾರಿ, ಅದಕ್ಕೇ ಚಿಕ್ಕದೊಂದೇ ತಗೊಂಡೆ, ಬಣ್ಣದ ಹಲಗೆಗಳಿಗೆ ಶಿನಾ ಪ್ಲೈವುಡ್, ಎರಡು ತುಂಡು, ಎರಡೂ ಮುಖ ಉಪಯೋಗಿಸಿದ್ರೆ ನಾಲ್ಕು ಬಣ್ಣ.

ಚಿತ್ರ ಹಲಗೆಗೆ ಹೋಗೋ ರೀತಿ ನನಗೆ ತುಂಬ ಇಷ್ಟ. ತೆಳು ಕಾಗದದ ಮೇಲೆ ಬ್ರಷ್ಷಲ್ಲಿ ಬರೆದ ಚಿತ್ರ, ಅದಕ್ಕೆ ಹನ್‌ಶಿತಾ ಅಂತಾರೆ, ಅದನ್ನ ಮುಖ ಕೆಳಗೆ ಮಾಡಿ ಹಲಗೆಗೆ ಅಂಟಿಸೋದು. ಅಂಟು ಅಕ್ಕಿದೇ, ಚಿಕ್ಕೋರಿದ್ದಾಗ ಗಾಳಿಪಟಕ್ಕೆ ಅನ್ನ ತಿಕ್ಕಿ ಅಂಟಿಸ್ತಿದ್ವಲ್ಲ ಅದೇ, ಇನ್ನೊಂಚೂರು ನುಣ್ಣಗೆ. ಅಂಗೈಲಿ ಸಮ ಮಾಡಿ, ಇನ್ನೇನು ಒಣಗ್ತಿದೆ ಅನ್ನೋವಾಗ ಬೆರಳ ತುದಿಲಿ ಮೆಲ್ಲಗೆ ಉಜ್ಜಿದ್ರೆ ಕಾಗದದ ಮೇಲ್ಪದರ ಉಂಡೆ ಉಂಡೆಯಾಗಿ ಎದ್ದು ಬರುತ್ತೆ, ಗೆರೆ ಇರೋ ತೆಳು ಪದರ ಮಾತ್ರ ಹಲಗೆ ಮೇಲೆ ಉಳಿಯುತ್ತೆ. ಮೇಲೆ ಒಂದು ತೊಟ್ಟು ಎಣ್ಣೆ ಸವರಿದ್ರೆ ಗೆರೆ ಕನ್ನಡಿ ಥರ ಉಲ್ಟಾ ಕಾಣುತ್ತೆ. ಕೆತ್ತೋ ಹೊತ್ತಿಗೆ ಆ ಚಿತ್ರವೂ ಹೋಯ್ತು. ಅಂದ್ರೆ ಕುನಿಯೋಶಿ ಹಲಗೆಗೆ ಅಂತ ಕೈಯಾರೆ ಬರೆದಿದ್ದು ಹೊರಿಶಿಯ ಚಾಕು ಕೆಳಗೆ ಪುಡಿಯಾಗಿ ಹೋಗಿದೆ. ನಾನು ಮ್ಯೂಸಿಯಂ ಒಂದರ ಹೈ ರೆಸಲ್ಯೂಷನ್ ಸ್ಕ್ಯಾನ್ ಮೇಲೆ ತೆಳು ಹಾಳೆ ಇಟ್ಟು ಟ್ರೇಸ್ ಮಾಡ್ದೆ, ನಾಲ್ಕು ಸಲ ಮಾಡ್ಬೇಕಾಯ್ತು. ಸಹಿ, ಪಬ್ಲಿಷರ್ ಗುರುತು, ಸೆನ್ಸಾರಿನ ‘ಕಿವಾಮೆ’ ಮುದ್ರೆ, ಇವು ಮೂರನ್ನೂ ಬೇಕಂತಲೇ ಬಿಟ್ಟೆ. ನನ್ನ ಕಾಪಿ ಮೇಲೆ ಅವರ ಮುದ್ರೆ ಇರೋದು ಸರಿ ಅನ್ನಿಸಲಿಲ್ಲ.

ಮೊದಲನೇ ವಾರ ಕೆತ್ತನೆ ಚೆನ್ನಾಗೇ ಹೋಯ್ತು. ಹಂಗಿತೊ ಅಂತ ಓರೆ ಬಾಯಿಯ ಚಾಕು, ಮುಷ್ಟಿಲಿ ಹಿಡಿದು ನಮ್ಮ ಕಡೆಗೆ ಎಳೀಬೇಕು, ಎಡಗೈ ಬೆರಳು ಅಲಗಿನ ಪಕ್ಕ ಆನಿಸಿ ಕಂಟ್ರೋಲ್. ಗೆರೆಯ ಒಂದು ಬದಿ ಕೊಯ್ದು, ಹಲಗೆ ತಿರುಗಿಸಿ ಇನ್ನೊಂದು ಬದಿ. ಎರಡೂ ಕಡೆ ಚಾಕುನ ಹೊರಗಡೆಗೆ ಓರೆಯಾಗಿ ಇಳಿಸ್ಬೇಕು, ಆಗ ಗೆರೆ ಗುಡ್ಡದ ಥರ, ಮೇಲೆ ಚೂಪು ಕೆಳಗೆ ಅಗಲ ಆಗಿ ನಿಲ್ಲುತ್ತೆ. ನೆಟ್ಟಗೆ ಇಳಿಸಿದ್ರೆ ಗೋಡೆ ಥರ ಆಗುತ್ತೆ, ಬುಡಕ್ಕೆ ಬಲ ಇಲ್ಲ. ಇದನ್ನ ಸೆನ್ಸೇಯ್, ಅಂದ್ರೆ ನಮ್ಮ ಕ್ಲಾಸಿನ ಮೇಷ್ಟ್ರು, ನೂರು ಸಲ ಹೇಳಿದ್ದಾರೆ. ಮೂಗು, ಹುಬ್ಬು, ಕತ್ತಿನ ಸ್ನಾಯು, ಭುಜದ ಮೇಲಿನ ಡ್ರ್ಯಾಗನ್‌ನ ಮೀಸೆ ಎಲ್ಲ ಮುಗಿಸಿ ಎರಡನೇ ಭಾನುವಾರ ಸಾಯಂಕಾಲ ಕಿವಿ ಮುಂದಿನ ಕೂದಲಿಗೆ ಬಂದೆ.

ಇದಕ್ಕೆ ಕೆವಾರಿ ಅಂತ ಹೆಸರು, ಕೂದಲು ಸೀಳೋದು. ಹಣೆ ಅಂಚಲ್ಲಿ, ಕಿವಿ ಮುಂದೆ ಚರ್ಮದಿಂದ ಕೂದಲು ಶುರುವಾಗೋ ಜಾಗ. ಬುಡದಲ್ಲಿ ಏನೂ ಇಲ್ಲದ ಹಾಗೆ ಸಣ್ಣಗೆ ಹುಟ್ಟಿ, ಹೋಗ್ತಾ ಹೋಗ್ತಾ ದಪ್ಪ ಆಗಿ ಕಪ್ಪಲ್ಲಿ ಸೇರ್ಬೇಕು. ಹಳೇ ಕಾಲದ ಕಾರ್ಖಾನೆಲಿ ಬಟ್ಟೆ, ಹಿನ್ನೆಲೆ ಎಲ್ಲ ಶಿಷ್ಯರು ಕೆತ್ತಿ, ತಲೆ ಮಾತ್ರ ಕೈ ಪಳಗಿದ ಮೇಸ್ತ್ರಿ ಕೆತ್ತುತ್ತಿದ್ದ, ಅಲ್ಲಿಗೆ ಬರೋಕೆ ಹತ್ತು ವರ್ಷದ ಮೇಲಾಗ್ತಿತ್ತು. ಅಂಥ ಜಾಗಕ್ಕೆ ನಾನು ಸಾಯಂಕಾಲದ ಮಬ್ಬಲ್ಲಿ, ಮಧ್ಯಾಹ್ನದಿಂದ ಸಾಣೆ ಹಿಡೀದೇ ಇದ್ದ ಚಾಕು ತಗೊಂಡು ಕೂತೆ. ಒಂದು ಮಿಮೀಗೆ ಎರಡು ಎಳೆ, ಅದಕ್ಕಿಂತ ಸಣ್ಣ ನನ್ನ ಕೈಲಿ ಆಗಲ್ಲ. ಆರು ಎಳೆ ನಿಂತ್ವು. ಏಳನೇದು ಮರದ ಎಳೆಗೆ ಅಡ್ಡ ಬರ್ತಿತ್ತು, ಬಾಯಿ ಮೊಂಡಾಗಿದ್ದರಿಂದ ಸ್ವಲ್ಪ ಒತ್ತಿ ಎಳೆದೆ, ಗೊತ್ತಿಲ್ಲದೆ ನೆಟ್ಟಗೂ ಇಳಿಸಿದ್ದೆ. ಚಿಟ್ ಅಂತ ಸಣ್ಣ ಸದ್ದು. ಐದು ಎಳೆ ಮತ್ತೆ ಕಿವಿಯ ಮೇಲಂಚು ಒಂದೇ ಚಕ್ಕೆಯಾಗಿ ಎದ್ದು ಬಂತು. ಚಕ್ಕೆನ ಹುಡುಕಿ ವಾಪಸ್ ಅಂಟಿಸೋಣ ಅಂದ್ರೆ ಟಾಟಾಮಿ ಚಾಪೆ ಸಂದಿಲಿ ಎಲ್ಲಿ ಹೋಯ್ತೋ ಸಿಗಲೇ ಇಲ್ಲ. ಎರಡು ವಾರದ ಕೆಲಸ, ಆ ರಾತ್ರಿ ಊಟ ಸೇರಲಿಲ್ಲ ನಿಜವಾಗ್ಲೂ.

ಶನಿವಾರ ಹಲಗೆ ತಗೊಂಡು ಹೋಗಿ ತೋರ್ಸಿದೆ. ಸೆನ್ಸೇಯ್ ಕನ್ನಡಕ ಮೇಲಕ್ಕೆ ಏರಿಸಿ ನೋಡಿ “ಇರೆಕಿ ಮಾಡಿ” ಅಂದ್ರು, ಅಷ್ಟೇ. ನಾನು ಹೊಸ ಹಲಗೆ ತಗೋಬೇಕೇನೋ ಅನ್ಕೊಂಡಿದ್ದೆ. “ಈ ಕೆಲಸ ಇರೋದೇ ಹಿಂಗೆ, ಹಳೇ ಹಲಗೆ ನೋಡಿದ್ರೆ ಎಷ್ಟೋ ಕಡೆ ತೇಪೆ ಇರುತ್ತೆ, ನೀವು ಪ್ರಿಂಟ್ ಮಾತ್ರ ನೋಡ್ತೀರಿ ಅದಕ್ಕೆ ಗೊತ್ತಾಗಲ್ಲ” ಅಂದ್ರು. ಇರೆಕಿ ಅಂದ್ರೆ ಒಳಗೆ ಹಾಕೋ ಮರ. ಮುರಿದಿದ್ದಕ್ಕೆ ಮಾತ್ರ ಅಲ್ಲ, ಬರಹ ತಿದ್ದೋಕೆ, ಹಲಗೆ ಒಬ್ಬ ಪಬ್ಲಿಷರಿಂದ ಇನ್ನೊಬ್ಬನಿಗೆ ಮಾರಿ ಹೋದಾಗ ಹೆಸರು ಬದಲಾಯಿಸೋಕೆ, ಎಲ್ಲದಕ್ಕೂ ಇದೇ ದಾರಿ.

ಮಾಡಿದ್ದನ್ನ ವಿವರವಾಗಿ ಬರೀತೀನಿ, ಯಾರಿಗಾದ್ರೂ ಉಪಯೋಗ ಆಗ್ಬಹುದು. ಹೋಗಿರೋ ಜಾಗದ ಸುತ್ತ ದೋಣಿ ಆಕಾರದಲ್ಲಿ ಗೀಟು ಹಾಕ್ಕೊಂಡೆ, 14 ಮಿಮೀ ಉದ್ದ, ಮಧ್ಯದಲ್ಲಿ 6 ಅಗಲ, ದೋಣಿಯ ಎರಡು ಮೂತಿನೂ ಮರದ ಎಳೆ ಓಡೋ ದಿಕ್ಕಿಗೇ ಇರ್ಬೇಕು. ಚೌಕ ಮಾಡಿದ್ರೆ ಎಳೆಗೆ ಅಡ್ಡ ಇರೋ ಎರಡು ಬದಿ ಸರಿಯಾಗಿ ಕೂರಲ್ಲ, ಗೆರೆ ಗೆರೆಯಾಗಿ ಪ್ರಿಂಟಲ್ಲಿ ಕಾಣುತ್ತೆ. ಆಳ 5 ಮಿಮೀ, ಬದಿಗಳು ಕೆಳಗೆ ಹೋಗ್ತಾ ಕಿರಿದಾಗ್ಬೇಕು. ತೇಪೆಗೆ ಅದೇ ಹಲಗೆಯ ಅಂಚಲ್ಲಿ ಕೊಯ್ದು ಉಳಿದಿದ್ದ ತುಂಡು, ಎಳೆ ದಿಕ್ಕು ಅದೇ. ಇನ್ನು ಅದನ್ನ ಕೂರಿಸೋದು, ಇಲ್ಲೇ ಎರಡು ಸಂಜೆ ಹೋಯ್ತು. ತುಂಡಿನ ಬದಿಗೆ ಮೆತ್ತನೆ ಪೆನ್ಸಿಲ್ ಬಳಿದು ಗುಂಡಿಗೆ ಒತ್ತಿ ತೆಗೆದ್ರೆ, ಎಲ್ಲಿ ತಾಗ್ತಿದೆಯೋ ಅಲ್ಲಿ ಗುಂಡಿ ಗೋಡೆಗೆ ಕಪ್ಪು ಹತ್ತುತ್ತೆ, ತುಂಡಲ್ಲಿ ಆ ಜಾಗ ಕೂದಲಷ್ಟು ಕೆರೆಯೋದು, ಮತ್ತೆ ಒತ್ತೋದು. ಸುತ್ತಲೂ ಕಪ್ಪು ಸಮವಾಗಿ ಬರೋವರೆಗೂ ಇದೇ ಕೆಲಸ. ಆಮೇಲೆ ತೆಳುವಾಗಿ ಮರದ ಅಂಟು ಹಚ್ಚಿ, ಮೇಲೆ ಒಂದು ಮರದ ಚೂರು ಇಟ್ಟು ಕೊಡತಿಲಿ ನಾಲ್ಕೈದು ಪೆಟ್ಟು. ಕೊನೇ ಪೆಟ್ಟಿಗೆ ಸದ್ದು ಬದಲಾಗುತ್ತೆ, ಟೊಳ್ಳು ಹೋಗಿ ಗಟ್ಟಿ ಸದ್ದು ಬರುತ್ತೆ, ಅಲ್ಲಿಗೆ ನಿಲ್ಲಿಸ್ಬೇಕು. ಎರಡು ದಿನ ಬಿಟ್ಟು ಮೇಲೆದ್ದಿದ್ದ ಭಾಗನ ಅಗಲ ಉಳಿಲಿ ಚೂರು ಚೂರೇ ತೆಗೆದು ಮಟ್ಟ ಮಾಡ್ದೆ. ಬೆರಳು ಆಡಿಸಿದ್ರೆ ಸಂದು ಗೊತ್ತಾಗ್ತಿರಲಿಲ್ಲ, ಕಣ್ಣಿಗೆ ಮಾತ್ರ ಎಳ್ಳಷ್ಟು ಕಾಣ್ತಿತ್ತು. ಅದರ ಮೇಲೆ ಹನ್‌ಶಿತಾದ ಪುಟ್ಟ ತುಂಡು ಹೊಸದಾಗಿ ಟ್ರೇಸ್ ಮಾಡಿ ಅಂಟಿಸ್ದೆ.

ಈ ಸಲ ಬೆಳಗ್ಗೆ ಬೆಳಕಲ್ಲಿ ಕೂತೆ, ಮೂರು ಎಳೆಗೊಮ್ಮೆ ಸಾಣೆಕಲ್ಲಿಗೆ ಹೋದೆ. ದಿನಕ್ಕೆ ನಾಲ್ಕೇ ಎಳೆ ಅಂತ ಲೆಕ್ಕ ಹಾಕ್ಕೊಂಡೆ, ಆಫೀಸಿಗೆ ಮುಂಚೆ ಅರ್ಧ ಗಂಟೆ. ಕೆತ್ತೋವಾಗ ಒಂದು ವಿಷಯ ಗೊತ್ತಾಯ್ತು, ಬ್ರಷ್ಷಿನ ಗೆರೆಲಿ ಕೂದಲ ಬುಡ ಅಷ್ಟು ಸಣ್ಣ ಇರೋದೇ ಇಲ್ಲ. ನಾನು ಎಷ್ಟು ಸಣ್ಣ ಬ್ರಷ್ಷಲ್ಲಿ ಟ್ರೇಸ್ ಮಾಡಿದ್ರೂ ಬುಡದಲ್ಲಿ ಒಂದು ಚುಕ್ಕಿ ನಿಲ್ತಿತ್ತು, ಚಾಕು ಹಾಗಲ್ಲ, ಎರಡು ಕೊಯ್ತ ಒಂದಕ್ಕೊಂದು ಸೇರೋ ಕಡೆ ಗೆರೆ ಶೂನ್ಯಕ್ಕೆ ಹೋಗುತ್ತೆ. ಅಂದ್ರೆ ಆ ಯೋಧರ ಕೂದಲು ಅಷ್ಟು ಜೀವಂತವಾಗಿ ಚರ್ಮದಿಂದ ಹುಟ್ಟಿದ ಹಾಗೆ ಕಾಣೋದು ಹೊರಿಶಿ ಕೊಟ್ಟಿದ್ದು. ಸೆನ್ಸೇಯ್‌ಗೆ ಹೇಳಿದ್ದಕ್ಕೆ, ಕಲಾವಿದರು ಕೂದಲನ್ನ ಸುಮಾರಾಗಿ ತೋರಿಸಿ ಬಿಡ್ತಿದ್ರು, ಎಳೆ ಎಳೆ ಬಿಡಿಸೋದು ಹೊರಿಶಿ ಪಾಡು ಅಂದ್ರು. ಇದರ ಇನ್ನೊಂದು ಮುಖನೂ ಇದೆ. ಹೊಕುಸಾಯ್ ತನ್ನ ಪಬ್ಲಿಷರ್‌ಗೆ ಕಾಗದ ಬರೆದು, ಎಗಾವಾ ತೊಮೆಕಿಚಿ ಅನ್ನೋ ಹೊರಿಶಿನೇ ಬೇಕು ಅಂತ ಕೇಳಿದ್ದ, ತಾನು ಬರೆಯದೇ ಇರೋ ಕೆಳರೆಪ್ಪೆ ಸೇರಿಸ್ಬಾರದು, ಮೂಗನ್ನ ಉತಾಗಾವಾ ಶೈಲಿಗೆ ತಿರುಗಿಸ್ಬಾರದು ಅಂತ ಮೂಗು ಕಣ್ಣು ಬರೆದೇ ತೋರಿಸಿದ್ದ. ಎಷ್ಟೇ ದೊಡ್ಡ ಕಲಾವಿದ ಆದ್ರೂ ಕೊನೆಗೆ ಮುಖ ಇನ್ನೊಬ್ಬರ ಕೈಲಿ.

ಕೆಂತೊ ಬಗ್ಗೆ ಬೇಗ ಹೇಳ್ತೀನಿ. ಹಲಗೆಯ ಒಂದು ಮೂಲೇಲಿ ಮಡಚಿದ ಮೊಳಕೈ ಥರ ಒಂದು ಕಚ್ಚು, ಅದೇ ಅಂಚಲ್ಲಿ ಸ್ವಲ್ಪ ದೂರಕ್ಕೆ ನೇರದ್ದು ಇನ್ನೊಂದು. ಕಾಗದದ ಮೂಲೆ ಒಂದಕ್ಕೆ, ಅಂಚು ಇನ್ನೊಂದಕ್ಕೆ ತಾಗಿಸಿ ಇಳಿಸಿದ್ರೆ ಎಲ್ಲ ಹಲಗೆಲೂ ಬಣ್ಣ ಅದೇ ಜಾಗಕ್ಕೆ ಬೀಳುತ್ತೆ. 1765ರಲ್ಲಿ ಹಾರುನೊಬು ಅನ್ನೋ ಕಲಾವಿದನ ಕಾಲಕ್ಕೆ ಬಹುವರ್ಣದ ಪ್ರಿಂಟು ಹೊರಗೆ ಬಂದಿದ್ದರ ಹಿಂದೆ ಇಷ್ಟು ಚಿಕ್ಕ ಕಚ್ಚು ಇದೆ. ಕೀ ಬ್ಲಾಕಿಂದ ಕೆಂತೊ ಸಮೇತ ತೆಳು ಹಾಳೆಗೆ ನಾಲ್ಕು ಪ್ರೂಫ್ ತೆಗೆದು, ಒಂದೊಂದರಲ್ಲಿ ಒಂದೊಂದು ಬಣ್ಣದ ಜಾಗ ಗುರುತು ಮಾಡಿ, ಪ್ಲೈವುಡ್‌ಗೆ ಅಂಟಿಸಿ ಕೆತ್ತಿದೆ. ಇದಕ್ಕೆ ಒಂದು ವಾರ.

ಬಣ್ಣದಲ್ಲಿ ಮೂಲದ ಹಿಂದೆ ಹೋಗಲಿಲ್ಲ, ನನ್ನ ಇಷ್ಟಕ್ಕೆ ಆರಿಸ್ಕೊಂಡೆ. ಡ್ರ್ಯಾಗನ್‌ಗೆ ಬೆರೋ-ಆಯ್, ಅಂದ್ರೆ ಪ್ರಷ್ಯನ್ ನೀಲಿ. ‘ಬೆರೋ’ ಅಂದ್ರೆ ಬರ್ಲಿನ್. 1830ರ ಹೊತ್ತಿಗೆ ಇದು ಎದೋ ಪ್ರಿಂಟುಗಳಲ್ಲಿ ಎಲ್ಲ ಕಡೆ ಬಂತು, ಹಾಗಾಗಿ ಈ ಸರಣಿ ಶುರುವಾದ ವರ್ಷಕ್ಕೆ ನನ್ನ ನೀಲಿ ಸ್ವಲ್ಪ ಮುಂದಿನದ್ದೇ. ಬಟ್ಟೆ ಅಂಚಿಗೆ ಬೆಂಗಾರಾ, ಕಬ್ಬಿಣದ ಕೆಂಪು, ಹೆಸರು ನಮ್ಮ ಬಂಗಾಳದಿಂದ ಬಂದಿದ್ದು ಅಂತ ಗೊತ್ತಾದ ದಿನ ಅಮ್ಮಂಗೆ ಫೋನ್ ಮಾಡಿ ಹೇಳಿದೆ, “ನಮ್ಮ ಕಾವಿ ಬಣ್ಣನೇ ಅನ್ನು” ಅಂದ್ರು, ಕೆಮ್ಮಣ್ಣಿನ ಬಣ್ಣ ತಾನೇ, ಸರಿಯಾಗೇ ಹೇಳಿದ್ರು.

ಅಚ್ಚೊತ್ತೋ ಹಿಂದಿನ ರಾತ್ರಿ 24 ಹಾಳೆ ಕೋಝೋ (ಮರದ ತೊಗಟೆ ನಾರಿನ) ಕಾಗದ ತೇವ ಮಾಡಿ ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಸುತ್ತಿಟ್ಟೆ. ಕಾಗದಕ್ಕೆ ಮೊದಲೇ ದೋಸಾ ಹಾಕಿರುತ್ತೆ, ಅದು ಪ್ರಾಣಿ ಅಂಟು ಮತ್ತೆ ಪಟಿಕದ ನೀರು, ಇಲ್ದಿದ್ರೆ ಬಣ್ಣ ಹರಡಿ ಹೋಗುತ್ತೆ. ಮೊದಲು ಕಪ್ಪು. ಹಲಗೆಗೆ ಸುಮಿ ಶಾಯಿ, ಅಕ್ಕಿ ಅಂಟು ಒಂದು ಚೂರು, ಬ್ರಷ್ಷಲ್ಲಿ ತಿಕ್ಕಿ, ಕಾಗದ ಇಳಿಸಿ ಬಾರೆನ್. ಬಿದಿರು ಸಿಪ್ಪೆ ಸುತ್ತಿದ ತಟ್ಟೆ ಅದು, ಒಳಗೆ ಹೆಣೆದ ಹುರಿ ಸುರುಳಿ. ಮೊದಲ ಮೂರು ಹಾಳೆಲಿ ತಲೆಗೂದಲ ಕಪ್ಪು ಎಳ್ಳು ಚೆಲ್ಲಿದ ಹಾಗೆ ಚುಕ್ಕಿ ಚುಕ್ಕಿ, ಇದರ ಹೆಸರೇ ಗೊಮಾಝುರಿ, ಎಳ್ಳು ಅಚ್ಚು. ಅಂಟು ಕಮ್ಮಿ, ಒತ್ತೋದು ಕಮ್ಮಿ. ಮೊಳಕೈಯಿಂದ ಒತ್ತೋದು ಬಿಟ್ಟು ಮೈಭಾರ ಹಾಕಿ ಒತ್ತಿದ ಮೇಲೆ ನಾಲ್ಕನೇ ಹಾಳೆಲಿ ಕಪ್ಪು ತುಂಬ್ಕೊಂಡು ಬಂತು, ಮೇಲಕ್ಕೆತ್ತಿ ನೋಡ್ದಾಗ ಕಿವಿ ಮುಂದಿನ ಹನ್ನೊಂದು ಎಳೆನೂ ಇದ್ವು. ತೇಪೆ ಸಂದು ಎಲ್ಲೂ ಕಾಣಲಿಲ್ಲ.

ಹದಿನೈದನೇ ಹಾಳೆವರೆಗೂ. ಆಮೇಲೆ ಕಿವಿ ಮೇಲೆ ಒಂದು ಸಣ್ಣ ಬಾಗಿದ ಗೆರೆ ಕಾಣಿಸ್ಕೊಳ್ತು, ಮೊದಲು ಕೂದಲು ಬಿದ್ದಿದೆ ಅನ್ಕೊಂಡೆ. ಹಲಗೆ ಮೇಲೆ ಉಗುರು ಆಡಿಸಿ ನೋಡಿದ್ರೆ ದೋಣಿಯ ಒಂದು ಮೂತಿ ಎದ್ದಿದೆ. ಅಚ್ಚೊತ್ತೋವಾಗ ಹಲಗೆ ನೀರು ಕುಡಿಯುತ್ತೆ, ತುಂಡು ಉಬ್ಬಿದೆ, ಬದಿಗಳು ಓರೆ ಇರೋದ್ರಿಂದ ಉಬ್ಬಿದ ಮರಕ್ಕೆ ಮೇಲೆ ಬರೋದೇ ದಾರಿ. ತುಂಡು ಸ್ಟೌ ಹತ್ರದ ಶೆಲ್ಫಲ್ಲಿ ಒಣಗಿ ಕೂತಿತ್ತು, ಹಲಗೆ ಜೊತೆ ಒಂದೇ ಜಾಗದಲ್ಲಿ ಕೆಲವು ದಿನ ಇಟ್ಟು ಆಮೇಲೆ ಕೂರಿಸ್ಬೇಕಿತ್ತು. ಕಪ್ಪನ್ನ ಅಲ್ಲಿಗೇ ನಿಲ್ಲಿಸಿ, ಬಂದಿದ್ದ ಹಾಳೆಗಳಿಗೆ ನಾಲ್ಕೂ ಬಣ್ಣ ಹಾಕಿದೆ, ಕೆಲವದರಲ್ಲಿ ನೀಲಿ ಅರ್ಧ ಮಿಮೀ ಸರಿದಿದೆ, ಒಂಬತ್ತು ನಿಜವಾಗ್ಲೂ ಚೆನ್ನಾಗಿವೆ.

ಎದ್ದಿರೋ ಮೂತಿನ ಈಗಲೇ ಕೆರೆದು ಮಟ್ಟ ಮಾಡ್ಬಿಡೋಣ ಅಂತ ಕೈ ತುರಿಸ್ತಿದೆ, ಆದ್ರೆ ಅದರ ಮೇಲೇ ಕೂದಲ ಎಳೆಗಳಿವೆ, ಗೆರೆ ಗುಡ್ಡದ ಥರ ಇರೋದ್ರಿಂದ ತುದಿ ಕೆರೆದಷ್ಟೂ ಎಳೆ ದಪ್ಪ ಆಗುತ್ತೆ, ಬುಡದ ಆ ಸಣ್ಣತನ ಹೋಗುತ್ತೆ. ಹಲಗೆನ ಒರೆಸಿ, ಪೇಪರ್ ಸುತ್ತಿ, ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿದ್ದೀನಿ. ಮೂರು ವಾರ ಮುಟ್ಟಲ್ಲ. ಪೂರ್ತಿ ಒಣಗಿ ತಾನಾಗೇ ಕೂತ್ರೆ ಉಳಿದ ಹಾಳೆ ಒತ್ತುತ್ತೀನಿ, ಕೂರಲಿಲ್ಲ ಅಂದ್ರೆ ಆ ತುಂಡು ತೆಗೆದು ಇನ್ನೊಂದು ಇರೆಕಿ, ಹನ್ನೊಂದು ಎಳೆನೂ ಮತ್ತೆ ಮೊದಲಿಂದ.